ಥುಕ್ಬಾದ ಮ್ಯಾಗ್ನಾ ಕಾರ್ಟಾ

ನಾಲ್ಕು ಗಂಡಸರಿಗೆ ಒಂದೇ ಬಚ್ಚಲುಮನೆ ಇರುವ ಕಡೆ ಇತಿಹಾಸ ತನ್ನಷ್ಟಕ್ಕೆ ನಡೆಯುತ್ತಲೇ ಇರುತ್ತದೆ. ನಾನು ಇತಿಹಾಸದಲ್ಲಿ ಬಿ.ಎ. ಮಾಡಿ, ಸೌದಿಯ ಅಲ್ ಖೋಬರಿನ ಒಂದು ಕಟ್ಟಡ ಕಂಪನಿಯಲ್ಲಿ ಟೈಮ್ ಕೀಪರ್ ಆದವನು. ಹಾಗಾಗಿ ಅಲ್ಲಿನ ಥುಕ್ಬಾ ಬಡಾವಣೆಯ ನಮ್ಮ ರೂಮಿನಲ್ಲಿ ನಡೆದದ್ದನ್ನು ಬರೆದಿಡುವ ಜವಾಬ್ದಾರಿ ನನ್ನ ಮೇಲೇ ಬಿದ್ದಿದೆ.

೧. ದೊರೆ

ಬಾಡಿಗೆ ಕರಾರು ಯಾರ ಇಕಾಮಾದ, ಅಂದರೆ ವಾಸದ ಪರವಾನಗಿಯ, ಮೇಲಿದೆಯೋ ಅವರೇ ರೂಮಿಗೆ ಯಜಮಾನರು. ನಮ್ಮಲ್ಲಿ ಅದು ಮಂಗಳೂರಿನ ಒಬ್ಬ ಸ್ಟೋರ್ ಕೀಪರ್. ಇಪ್ಪತ್ತೆರಡು ವರ್ಷ ಸೌದಿಯಲ್ಲಿ ಕಳೆದವರು, ನಮಗೆಲ್ಲ ಅಣ್ಣ. ಏಸಿ ರಿಮೋಟ್ ಅವರ ದಿಂಬಿನ ಅಡಿಯಲ್ಲಿ. ಶುಕ್ರವಾರ ಯಾವ ಮೀನು ಎಂದು ಅವರೇ ಹೇಳಬೇಕು. ಬೆಳಿಗ್ಗೆ ನಾಲ್ಕೂವರೆಯಿಂದ ಐದೂಕಾಲರವರೆಗೆ ಬಚ್ಚಲುಮನೆ ಅವರದು. ಗಡ್ಡ, ಸ್ನಾನ, ಊರಿನ ಸುದ್ದಿಯ ವಿಡಿಯೋ ಎಲ್ಲ ಒಳಗೇ ಮುಗಿಯಬೇಕು.

ನನ್ನ ಕಂಪನಿ ಬಸ್ಸು ಐದೂ ಇಪ್ಪತ್ತಕ್ಕೆ. ಐದು ನಿಮಿಷದಲ್ಲಿ ಮನುಷ್ಯ ಎಷ್ಟು ತಾನೇ ಮಾಡಿಯಾನು? ಒಂದೇ ತಿಂಗಳಲ್ಲಿ ಎರಡು ಸಲ ಬಸ್ಸು ತಪ್ಪಿತು. ಊರವರ ಹಾಜರಿ ಬರೆಯುವ ನಾನು, ತಡವಾಗಿ ಬಂದವರ ಪಟ್ಟಿಯಲ್ಲಿ ನನ್ನ ಹೆಸರನ್ನೇ ಬರೆದು, ಕಾರಣ ಎಂಬಲ್ಲಿ ಎರಡು ಸಲವೂ 'ಅಣ್ಣ' ಎಂದು ತುಂಬಿದೆ. ಮ್ಯಾನೇಜರು, "ಮೂರನೇ ಸಲ ಬರೆದರೆ ಅದೇ ಪೆನ್ನು ಹಿಡಿದುಕೊಂಡು ಜಿಜಾನ್ ಸೈಟಿಗೆ ಹೋಗಿ," ಅಂದರು. ಜಿಜಾನ್ ಅಂದರೆ ದೇಶದ ಇನ್ನೊಂದು ತುದಿ. ಅಲ್ಲಿ ನನಗೆ ಗುರುತಿನವರು ಒಬ್ಬರೂ ಇಲ್ಲ. ನಿಜಕ್ಕೂ ಹೆದರಿದೆ.

ಅಣ್ಣನಲ್ಲಿ ಕಷ್ಟ ಹೇಳಿಕೊಂಡೆ.

"ಅದಕ್ಕೆಂತ, ನೀನು ನಾಲ್ಕಕ್ಕೆ ಏಳು ಮಾರಾಯ," ಅಂದರು.

ಮರುದಿನ ನಾಲ್ಕಕ್ಕೆ ಎದ್ದೆ. ಬಚ್ಚಲುಮನೆಯ ಚಿಲಕ ಹಾಕಿತ್ತು. "ನಿನ್ನ ಅಲಾರಂ ಈಗ ಹೊಡೆಯುತ್ತದೆ, ಈಗ ಹೊಡೆಯುತ್ತದೆ ಅಂತ ನಿದ್ದೆಯೇ ಬರಲಿಲ್ಲ," ಎಂದಿತು ಒಳಗಿನ ಧ್ವನಿ.

೨. ಮೊಹರು

ಶುಕ್ರವಾರ ನಾನು ಉಳಿದಿಬ್ಬರನ್ನು, ಅಂದರೆ ಕುಂದಾಪುರದ ಎಲೆಕ್ಟ್ರಿಷಿಯನ್ ಮತ್ತು ಬಂಟ್ವಾಳದ ಡ್ರಾಫ್ಟ್ಸ್‌ಮನ್‌ನನ್ನು, ಅಡುಗೆಮನೆಯಲ್ಲಿ ಕೂರಿಸಿ ಪಾಠ ಮಾಡಿದೆ. ಎಂಟುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಜಾನ್ ಎಂಬ ರಾಜನಿದ್ದ. ಮನಸ್ಸಿಗೆ ಬಂದಂತೆ ತೆರಿಗೆ, ಮನಸ್ಸಿಗೆ ಬಂದವರಿಗೆ ಸೆರೆ. ಸರದಾರರೆಲ್ಲ ಸೇರಿ ಅವನನ್ನು ನದಿ ದಂಡೆಗೆ ಕರೆಸಿ, ರಾಜನೂ ಕಾನೂನಿಗೆ ಒಳಪಟ್ಟವನೇ ಎಂಬ ಸನ್ನದಿಗೆ ಒಪ್ಪಿಸಿದರು. ಅದೇ ಮ್ಯಾಗ್ನಾ ಕಾರ್ಟಾ.

ಎಲೆಕ್ಟ್ರಿಷಿಯನ್ ಗಂಭೀರವಾಗಿ ಕೇಳಿದ, "ಆ ಸರದಾರರಿಗೆ ಬಚ್ಚಲುಮನೆ ಎಷ್ಟಿತ್ತು?"

ಹಳೆಯ ಹಾಜರಿ ಹಾಳೆಯ ಹಿಂದೆ ಷರತ್ತು ಬರೆದೆವು. ಯಾರೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಚ್ಚಲುಮನೆಯಲ್ಲಿ ಇರಬಾರದು. ರಿಮೋಟ್ ಮೇಜಿನ ಮೇಲಿರಬೇಕು. ಮೀನನ್ನು ಕೈ ಎತ್ತಿ ತೀರ್ಮಾನಿಸಬೇಕು. ಉಳಿದವರ ಅಭಿಪ್ರಾಯ ಕೇಳದೆ ಯಾರಿಗೂ ಪಾತ್ರೆ ತೊಳೆಯುವ ಶಿಕ್ಷೆ ಕೊಡಬಾರದು.

ಊಟವಾದ ಮೇಲೆ ಅಣ್ಣನ ಮುಂದಿಟ್ಟೆವು. ಕನ್ನಡಕ ಹಾಕಿ ಎರಡು ಸಲ ಓದಿದರು.

"ನಿನ್ನ ಜಾನ್ ಸಹಿ ಹಾಕಿದನಾ?"

"ಇಲ್ಲ ಅಣ್ಣ, ಮೊಹರು ಒತ್ತಿಸಿದ."

ಓದಿದ್ದನ್ನೆಲ್ಲ ಹೇಳಬಾರದು ಎಂದು ಆಗ ಗೊತ್ತಾಯಿತು. ಅಣ್ಣ ಬ್ಯಾಗಿನಿಂದ ಸ್ಟೋರಿನ ಮೊಹರು ತೆಗೆದು ಠಪ್ಪೆಂದು ಒತ್ತಿ, ಕೈ ತೊಳೆಯಲು ಹೋದರು. ನಾವು ಸಂಭ್ರಮದಿಂದ ಬಗ್ಗಿ ನೋಡಿದೆವು. 'ಸರಕು ತಲುಪಿದೆ. ಪರಿಶೀಲನೆ ಬಾಕಿ.'

೩. ಪೋಪ್

ಜಾನ್ ರಾಜ ಪೋಪ್‌ಗೆ ದೂರು ಕೊಟ್ಟು ಕೆಲವೇ ವಾರಗಳಲ್ಲಿ ಸನ್ನದು ರದ್ದು ಮಾಡಿಸಿದ. ನಮ್ಮದು ಅಷ್ಟು ದಿನವೂ ಬಾಳಲಿಲ್ಲ. ಅಣ್ಣ ಮಂಗಳೂರಿಗೆ ಫೋನ್ ಮಾಡಿ ಹೆಂಡತಿಗೆ ಹೇಳಿದರು. ಆ ಅತ್ತಿಗೆ ನಮ್ಮ ಹೆಂಡಂದಿರ ವಾಟ್ಸಾಪ್ ಗುಂಪಿಗೆ ಹೇಳಿದರು. ಸಂಜೆ ಚಹಾದ ಹೊತ್ತಿಗೆ ಮೂರು ಫೋನೂ ಒಟ್ಟಿಗೆ ಹೊಡೆದವು.

"ಎಂತ ಇದು, ಅಣ್ಣನ ಮೇಲೆ ಕಾಗದ ಮಾಡಿದ್ದಂತೆ?" ಎಂದಳು ನನ್ನವಳು. "ನಿಮಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟದ್ದು ಆ ಕಾಗದವಾ?"

ಪಕ್ಕದಲ್ಲಿ ಎಲೆಕ್ಟ್ರಿಷಿಯನ್ ತನ್ನ ಫೋನಿಗೆ ಹೇಳುತ್ತಿದ್ದ, "ನಾನು ಬರೆಯಲೇ ಇಲ್ಲ ಮಾರಾಯ್ತಿ, ಗಾಳಿಗೆ ಹಾರುತ್ತದೆ ಅಂತ ಬರೀ ಹಿಡಿದುಕೊಂಡದ್ದು."

೪. ಉತ್ತರಾಧಿಕಾರಿ

ಆ ವಾರವೇ ಅಣ್ಣನಿಗೆ ಒಂದು ತಿಂಗಳ ರಜೆ ಸಿಕ್ಕಿದ್ದರಿಂದ ನಾನು ಬದುಕಿದೆ. ಹೊರಡುವಾಗ, "ನೀನು ಓದಿದವ, ನೋಡಿಕೋ," ಎಂದು ರಿಮೋಟ್ ನನ್ನ ಕೈಗೆ ಕೊಟ್ಟರು.

ಮೊದಲ ವಾರ ರಿಮೋಟ್ ಮೇಜಿನ ಮೇಲಿತ್ತು. ಎರಡನೇ ವಾರ ಕಳೆದುಹೋಗದಿರಲೆಂದು ದಿಂಬಿನ ಅಡಿಗೆ ಬಂತು. ಮೂರನೇ ವಾರ, ಚಿಲಕ ಹಾಕಿಕೊಂಡು ಊರಿನ ಸುದ್ದಿ ನೋಡುವುದರಲ್ಲಿ ಎಂಥ ಸುಖವಿದೆ ಎಂದು ನನಗೆ ತಿಳಿಯಿತು. ಎಲೆಕ್ಟ್ರಿಷಿಯನ್ ಹಳೆಯ ಸನ್ನದು ಹುಡುಕಿ ಬಚ್ಚಲುಮನೆಯ ಬಾಗಿಲಿಗೆ ಅಂಟಿಸಿದ. ನಾನು ಕಂಡೂ ಕಾಣದ ಹಾಗೆ ಒಳಗೆ ಹೋಗುತ್ತಿದ್ದೆ.

ತಿಂಗಳು ಮುಗಿದ ಬೆಳಿಗ್ಗೆ ಐದು ಗಂಟೆಗೆ ಯಾರೋ ಬಾಗಿಲು ಬಡಿದರು.

"ಅರ್ಧ ಗಂಟೆಯಾಯಿತಂತೆ. ಷರತ್ತು ಒಂದು, ಹದಿನೈದು ನಿಮಿಷ."

ಅಣ್ಣನ ಧ್ವನಿ. ವಿಮಾನ ನಿಲ್ದಾಣದಿಂದ ಸೀದಾ ಬಂದಿದ್ದರು.

"ಅದು ರದ್ದಾಗಿದೆ ಅಣ್ಣ," ಅಂದೆ ಒಳಗಿನಿಂದ.

"ರದ್ದು ಮಾಡಿಸಿದ ನಾನೇ ಈಗ ಒಪ್ಪಿದ್ದೇನೆ. ಊರಿನ ಮನೆಯಲ್ಲಿ ಈ ತಿಂಗಳಿಡೀ ನಾನೂ ಬಚ್ಚಲುಮನೆಯ ಹೊರಗೆ ನಿಂತದ್ದೇ."

"ಆದರೂ ಅದು ನಿಮ್ಮ ಕಾಲದ ಕಾನೂನು. ನಾನು ಬರೀ ಉಸ್ತುವಾರಿ. ಇತಿಹಾಸ ನೋಡಿದರೆ..." ಎಂದು ಶುರುಮಾಡಿ, ಪೋಪ್‌ನಿಂದ ಹಿಡಿದು ಜಾನ್‌ನ ಮಗನ ತನಕ ವಿವರಿಸಿದೆ. ಮಗನ ಕಾಲದಲ್ಲಿ ಸನ್ನದನ್ನು ಮತ್ತೆ ಹೊರಡಿಸಿದರು ಎಂಬಲ್ಲಿಗೆ ಬಂದಾಗ ನನ್ನ ವಾದ ನನ್ನ ಮೇಲೇ ತಿರುಗಿತು. ಅಷ್ಟರಲ್ಲಿ ಕೆಳಗೆ ಬಸ್ಸು ಹಾರ್ನ್ ಹೊಡೆದು ಹೊರಟೇಹೋಯಿತು.

ಬಾಗಿಲು ತೆರೆದೆ. ಸನ್ನದಿನ ಮೇಲೆ ಹೊಸ ಮೊಹರು ಇನ್ನೂ ಹಸಿಯಾಗಿತ್ತು. 'ಪರಿಶೀಲಿಸಿದೆ. ಸರಿಯಾಗಿದೆ.'

ಆ ದಿನ ಪಟ್ಟಿಯಲ್ಲಿ ಮೂರನೇ ಸಲ ನನ್ನ ಹೆಸರು ಬರೆದೆ. ಕಾರಣ ಎಂಬಲ್ಲಿ ಬರೆಯಲು ಬೇರೆ ಯಾರ ಹೆಸರೂ ಸಿಗಲಿಲ್ಲ.

ಈಗ ಜಿಜಾನಿನಲ್ಲಿದ್ದೇನೆ. ಇಲ್ಲೂ ನಾಲ್ಕು ಜನ, ಒಂದೇ ಬಚ್ಚಲುಮನೆ. ಸನ್ನದಿನ ಫೋಟೋವನ್ನು ಅಣ್ಣ ಎರಡೂ ಮೊಹರು ಕಾಣುವ ಹಾಗೆ ತೆಗೆದು ಕಳಿಸಿದ್ದಾರೆ. ಇಲ್ಲಿಯ ಹಿರಿಯರು ಹೊರಗೆ ಬಂದ ಕೂಡಲೇ ತೋರಿಸೋಣ ಎಂದು ಮೊಬೈಲ್ ಹಿಡಿದು ನಲವತ್ತು ನಿಮಿಷದಿಂದ ಬಾಗಿಲ ಹೊರಗೆ ನಿಂತಿದ್ದೇನೆ.