ಮೈನಸ್ ಹದಿನಾಲ್ಕು ಅಂಗುಲ ಹಿಮ

ಅಮೆರಿಕದ ಸಮರ್‌ಸೆಟ್ ಕನ್ನಡ ಬಳಗದ ನಿಯಮಾವಳಿಯ ಪ್ರಕಾರ, ಆಕಾಶದಿಂದ ಬೀಳುವುದು ಮಳೆಯೋ ಹಿಮವೋ ಎಂದು ತೀರ್ಮಾನಿಸುವ ಅಧಿಕಾರ ಹವಾಮಾನ ಕಾರ್ಯದರ್ಶಿಯದು. ೧೯೭೪ರಲ್ಲಿ ಆ ಹುದ್ದೆಯಲ್ಲಿದ್ದವರು ಶಂಕರನಾರಾಯಣ. ವೃತ್ತಿಯಲ್ಲಿ ಸೇತುವೆ ಎಂಜಿನಿಯರು. ಕಿಟಕಿಯ ಹೊರಗೆ ಥರ್ಮಾಮೀಟರ್ ತೂಗುಹಾಕಿದ್ದವರು ಬಳಗದಲ್ಲಿ ಅವರೊಬ್ಬರೇ ಆದ್ದರಿಂದ ಆಯ್ಕೆ ಅವಿರೋಧವಾಗಿ ನಡೆದಿತ್ತು.

ಆ ವರ್ಷ ಜನವರಿಯ ಒಂದು ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಸಂಕ್ರಾಂತಿ ಕಾರ್ಯಕ್ರಮ. ಅವರ ಹೆಂಡತಿ ಕೌಸಲ್ಯಾ ಮದುವೆಯಾದ ಮೇಲೆ ಮೊದಲ ಸಲ ನಾಲ್ಕು ಜನರೆದುರು ಹಾಡುವವಳಿದ್ದಳು. ಮೂರು ತಿಂಗಳಿಂದ ವಾಷಿಂಗ್ ಮಷೀನಿನ ಸದ್ದಿಗೆ ತಾಳ ಹಾಕಿಕೊಂಡು ಕಲ್ಯಾಣಿ ರಾಗ ಅಭ್ಯಾಸ ಮಾಡಿದ್ದಳು. ಮಳೆ ಬಂದರೆ ಕಾರ್ಯಕ್ರಮ ಉಂಟು, ಹಿಮ ಬಿದ್ದರೆ ರದ್ದು. ಮಳೆಯೇ ಬರಲಪ್ಪ ಎಂದು ಶಂಕರನಾರಾಯಣರು ಹುದ್ದೆಯನ್ನು ಬದಿಗಿಟ್ಟು ದೇವರಿಗೆ ಕೈಮುಗಿದಿದ್ದರು.

ಗುರುವಾರ ಥರ್ಮಾಮೀಟರ್ ನೋಡಿ, ರೇಡಿಯೋ ಕೇಳಿ, 'ಹೆಚ್ಚಾಗಿ ಮಳೆ. ಹಿಮ ಒಂದೇ ಅಂಗುಲ' ಎಂದು ಮೊದಲ ಮನೆಗೆ ಫೋನ್ ಮಾಡಿದರು. ಒಂದು ಮನೆಯವರು ಮುಂದಿನ ಮನೆಗೆ ಹೇಳುವುದು, ಹದಿನಾಲ್ಕನೆಯವರು ಅದನ್ನು ಕಾರ್ಯದರ್ಶಿಗೇ ವಾಪಸ್ ಒಪ್ಪಿಸುವುದು ಪದ್ಧತಿ. ಹದಿನಾಲ್ಕನೆಯ ಮನೆ ವೀರಬಸಮ್ಮನವರದು. ಅವರು ಸುಮ್ಮನೆ ಮಾತಾಡುವವರಲ್ಲ.

"ಸರ್, ಹದಿನೈದು ಇಂಚ್ ಸ್ನೋ ಐತಂತ್ರಿ. ಹಾಲು, ಬ್ರೆಡ್ ತಂದಿಟ್ಕೋರಿ," ಎಂದರು ಅವರು.

ಶಂಕರನಾರಾಯಣರು ತಮ್ಮ ಲೆಕ್ಕ ಹದಿನಾಲ್ಕು ಅಂಗುಲ ತಪ್ಪಿತಲ್ಲ ಎಂದು ನಾಚಿ, ಕಾರ್ಯಕ್ರಮ ರದ್ದು ಮಾಡಿದರು.

"ಒಂದೇ ಇಂಚು ಅಂತ ನೀವೇ ಹೇಳಿದ್ರಲ್ಲ," ಎಂದಳು ಕೌಸಲ್ಯಾ.

"ಅದು ನನ್ನೊಬ್ಬನ ಅಂದಾಜು ಕಣೆ. ಇದು ಹದಿನಾಲ್ಕು ಮನೆಯವರದ್ದು."

ಶನಿವಾರ ಮಳೆ ಬಂತು. ಕೌಸಲ್ಯಾ ಎರಡು ದಿನ ವಾಷಿಂಗ್ ಮಷೀನ್ ಮುಟ್ಟಲಿಲ್ಲ.

ಅಧ್ಯಕ್ಷ ಶಿವಶಂಕರಪ್ಪನವರು ವಿಚಾರಣಾ ಸಮಿತಿ ನೇಮಿಸಿದರು. ಸತ್ಯ ಹೊರಬಿತ್ತು. ನೆಂಟರು ಬಂದಾರೆಂದು ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕುವ ಹಾಗೆ, ಪ್ರತಿ ಮನೆಯವರೂ 'ಯಾವುದಕ್ಕೂ ಇರಲಿ' ಎಂದು ಒಂದೊಂದು ಅಂಗುಲ ಸೇರಿಸಿ ದಾಟಿಸಿದ್ದರು. ಇದು ನಮ್ಮ ಸಂಸ್ಕೃತಿ, ಬಿಟ್ಟುಬಿಡಿ ಎನ್ನಲಾಗದು ಎಂದು ಸಮಿತಿ ಅಭಿಪ್ರಾಯಪಟ್ಟು ಹೊಸ ನಿಯಮ ಮಾಡಿತು: 'ಇನ್ನು ಮುಂದೆ ಹವೆ ಹೇಗೇ ಇರಲಿ, ಮುನ್ಸೂಚನೆಯನ್ನು ಮೈನಸ್ ಹದಿನಾಲ್ಕು ಅಂಗುಲದಿಂದಲೇ ಆರಂಭಿಸತಕ್ಕದ್ದು.'

ಕಾರ್ಯಕ್ರಮ ಫೆಬ್ರವರಿಗೆ ಹೋಯಿತು. ಹಿಂದಿನ ದಿನ ಥರ್ಮಾಮೀಟರ್ ಪಾತಾಳಕ್ಕಿಳಿದಿತ್ತು. ರೇಡಿಯೋದವನು ಒಂದು ಅಡಿ ಹಿಮವೆಂದು ಬಡಬಡಿಸುತ್ತಿದ್ದ. ಆ ಒಂದಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕೇನೋ ಎಂದು ಶಂಕರನಾರಾಯಣರಿಗೆ ಅನಿಸಿತು. ಅಷ್ಟರಲ್ಲಿ ಅಡಿಗೆಮನೆಯಿಂದ ಕಲ್ಯಾಣಿ ಕೇಳಿಸಿತು. ನಿಯಮ ಅಂದಮೇಲೆ ನಿಯಮ ಎಂದುಕೊಂಡು ಫೋನೆತ್ತಿ, ಮೈನಸ್ ಹದಿನಾಲ್ಕು ಎಂದರು. ಮೊದಲ ಮನೆಯವರು ಅದನ್ನು ಬರೆದುಕೊಂಡು, ಮುಂದಿನವರಿಗೆ ಮೈನಸ್ ಹದಿಮೂರು ಎನ್ನುತ್ತೇನೆ, ಯಾವುದಕ್ಕೂ ಇರಲಿ ಎಂದರು. ಒಂದು ಗಂಟೆಯಲ್ಲಿ ವೀರಬಸಮ್ಮನವರು ಸೊನ್ನೆ ಒಪ್ಪಿಸಿದರು.

ಶನಿವಾರ ಎಲ್ಲರೂ ಬಂದರು. ಕಾರುಗಳನ್ನು ಕಂಡಕಂಡಲ್ಲಿ ಬಿಟ್ಟು, ರೇಷ್ಮೆ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಹಿಡಿದು, ಪುಳಿಯೋಗರೆಯ ಪಾತ್ರೆ ತಲೆಯ ಮೇಲಿಟ್ಟುಕೊಂಡು ಬಂದರು. ಚರ್ಚಿಗೆ ಬೀಗ. ಕಾವಲಿನವನು ರೇಡಿಯೋ ನಂಬಿ ಮನೆಯಲ್ಲೇ ಕೂತಿದ್ದ. ಹೊರಗಿನವರಿಗೆ ನಮ್ಮ ನಿಯಮಾವಳಿ ತಿಳಿಯದು, ಅವನದೇನೂ ತಪ್ಪಿಲ್ಲ.

ಶಿವಶಂಕರಪ್ಪನವರು ಟೋಪಿಯ ಮೇಲಿನ ರಾಶಿಯನ್ನು ಕೊಡವಿದರು. ಎಲ್ಲರೂ ಅವರ ಬಾಯನ್ನೇ ನೋಡಿದರು.

"ಮಳಿ ಸ್ವಲ್ಪ ಗಟ್ಟಿ ಐತಿ," ಎಂದರು. "ಹಾಡವ್ವಾ ಕೌಸಲ್ಯಾ."

ಕೌಸಲ್ಯಾ ಚರ್ಚಿನ ಮೆಟ್ಟಿಲ ಮೇಲೆ ನಿಂತು, ಬಾಯಿಂದ ಹೊಗೆ ಬಿಡುತ್ತ ಕಲ್ಯಾಣಿಯನ್ನು ಇಡಿಯಾಗಿ ಹಾಡಿದಳು. ಒಬ್ಬರೂ ಕದಲಲಿಲ್ಲ, ಕೆಲವರಿಗೆ ಕದಲಲು ಸಾಧ್ಯವೂ ಇರಲಿಲ್ಲ. ಶಂಕರನಾರಾಯಣರಿಗೆ ಇಷ್ಟು ಸಂತೋಷ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ. ಮುಂದಿನ ವರ್ಷಕ್ಕೂ ಅವರನ್ನೇ ಅಲ್ಲೇ ಆರಿಸಲಾಯಿತು.

ಆ ದಿನದ ನಡಾವಳಿ ಬಳಗದ ಪುಸ್ತಕದಲ್ಲಿದೆ: 'ಹಿಮ: ಸೊನ್ನೆ ಅಂಗುಲ. ಗಾಯನ ಚೆನ್ನಾಗಿತ್ತು. ಮಂಗಳದ ನಂತರ ಸದಸ್ಯರು ಒಬ್ಬರ ಕಾರನ್ನು ಇನ್ನೊಬ್ಬರು ಮಳೆಯಿಂದ ಅಗೆದು ತೆಗೆದುಕೊಟ್ಟರು.'