ಹಾಲಿನ ಪಾತ್ರೆ ಮತ್ತು ಮುಚ್ಚಿದ ಬಾಗಿಲು

ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರೊಂದು ಸಿಕ್ಕಿಕೊಂಡರೆ ನಾಲಿಗೆಗೆ ಬೇರೆ ಕೆಲಸವೇ ಇರುವುದಿಲ್ಲ. ಮಾತಾಡುವಾಗ, ಉಣ್ಣುವಾಗ, ದೇವರಿಗೆ ಕೈಮುಗಿಯುವಾಗಲೂ ಅಲ್ಲಿಗೇ ಹೋಗಿ ತಡಕುತ್ತಿರುತ್ತದೆ. ನನ್ನ ತಲೆಗೆ ಪಜಲ್ ಎಂದರೆ ಹೀಗೆಯೇ. ಬಿಡಿಸುವವರೆಗೆ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಒಲೆಯ ಮೇಲಿನ ಸಾರು ಇಂಗಿ ತಳ ಹತ್ತಿದರೂ ಮೂಗಿಗೆ ತಿಳಿಯುವುದಿಲ್ಲ. ಇದಕ್ಕೆಲ್ಲ ನಾನು ಓದಿದ ಮೈಸೂರಿನ ಕಾನ್ವೆಂಟೇ ಹೊಣೆ ಎಂದು ನನ್ನ ವಾದ. ಮ್ಯಾಥ್ಸ್ ಕಲಿಸುತ್ತಿದ್ದ ಸಿಸ್ಟರ್ ಶುಕ್ರವಾರ ಬಂತೆಂದರೆ ಬೋರ್ಡಿನ ಮೇಲೆ ಒಂದು ಪಜಲ್ ಬರೆದು, "ಗರ್ಲ್ಸ್, ದಿ ಆಬ್ವಿಯಸ್ ಆನ್ಸರ್ ಈಸ್ ಆಲ್ವೇಸ್ ಎ ಟ್ರ್ಯಾಪ್" ಎನ್ನುತ್ತಿದ್ದರು. ಎದುರಿಗೆ ಕಾಣುವ ಉತ್ತರಕ್ಕೆ ಮೋಸಹೋಗಬೇಡಿ ಎಂದು. ಆ ಮಾತನ್ನು ನಾನು ಎಷ್ಟು ನಂಬಿದೆನೆಂದರೆ, ಮದುವೆಯಾಗಿ ಚನ್ನಗಿರಿಗೆ ಬಂದ ಹೊಸತರಲ್ಲಿ ಅತ್ತೆ "ಉಪ್ಪು ಕೊಡವ್ವಾ" ಎಂದರೂ, ಇದರ ಹಿಂದೆ ಏನೋ ಇರಬೇಕು ಎಂದು ಅರೆಗಳಿಗೆ ನಿಂತು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಎದ್ದು ತೆಗೆದುಕೊಳ್ಳುತ್ತಿದ್ದರು. ನಮ್ಮ ಬೀದಿಯಲ್ಲಿ ನನಗೆ ಕಿವಿ ಸ್ವಲ್ಪ ಮಂದ ಎಂದು ಬಹಳ ದಿನ ಸುದ್ದಿಯಿತ್ತು.

ಎಪ್ಪತ್ತರ ದಶಕದ ಮಾತು. ನನ್ನ ನಾದಿನಿ ಗಿರಿಜೆಗೆ ಗಂಡು ನೋಡುತ್ತಿದ್ದರು. ಅವಳ ಸೋದರಮಾವ ಹೊನ್ನಾಳಿಯವರು. ಊರೂರು ಬಸ್ಸು ಹತ್ತಿಳಿದು ಸಂಬಂಧ ಕೂಡಿಸುವುದೆಂದರೆ ಅವರಿಗೆ ಬಲು ಖುಷಿ. ಒಂದು ದಿನ ಬಂದವರೇ ಟೋಪಿ ತೆಗೆದು ಗಾಳಿ ಬೀಸಿಕೊಳ್ಳುತ್ತಾ ಹೇಳಿದರು: "ನ್ಯಾಮತಿಯಾಗೆ ಹುಡುಗ. ಬಟ್ಟೆ ಅಂಗಡಿ ಐತೆ. ಹುಡುಗ ಬಂಗಾರ. ಆದ್ರೆ ಅಜ್ಜಿ ಒಬ್ಬಾಕಿ ಅದಾಳೆ ನೋಡ್ರಿ, ಹುಡುಗೀಗೆ ಏನೋ ಒಂದು ಪ್ರಶ್ನೆ ಕೇಳ್ತಾಳಂತೆ. ಜಗಳೂರಿನ ಸಂಬಂಧ ಅದಕ್ಕೇ ಮುರೀತು." ಪ್ರಶ್ನೆ ಏನೆಂದು ಅವರಿಗೂ ಗೊತ್ತಿರಲಿಲ್ಲ. ಗಿರಿಜೆ ಮಾತ್ರ ಆ ರಾತ್ರಿ ಊಟದ ಎಲೆ ಎತ್ತುವಾಗ ನನ್ನ ಕಿವಿಯಲ್ಲಿ ಹೇಳಿದಳು. ಸವಳಂಗದ ಮದುವೆಯೊಂದರಲ್ಲಿ ಈ ಹುಡುಗ ಬಡಿಸುತ್ತಾ ಬಂದು, ಕೇಳದೆಯೇ ಅವಳ ಎಲೆಗೆ ಎರಡನೇ ಹೋಳಿಗೆ ಹಾಕಿ, ತಲೆ ಎತ್ತಿ ನೋಡದೆ ಮುಂದೆ ಹೋಗಿದ್ದನಂತೆ. "ಇಷ್ಟು ದಿನ ಬಂದೋರನ್ನ ನಾನು ಒಲ್ಲೆ ಅಂದೆ ಅತ್ತಿಗೆ. ಈಗ ಇವರು ನನ್ನ ಒಲ್ಲೆ ಅಂದ್ಬಿಟ್ರೆ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ತಲೆಯಲ್ಲಿ ಆಗಲೇ ಅಡಿಕೆ ಚೂರು ಸಿಕ್ಕಿಕೊಂಡಿತ್ತು.

ಮರುದಿನದಿಂದಲೇ ಕೋಚಿಂಗ್ ಶುರು. ಗಿರಿಜೆ ಅಕ್ಕಿ ಆರಿಸುವಾಗ ನಾನು ಎದುರಿಗೆ ಕೂತು ಕೇಳಿದೆ: "ಒಬ್ಬ ಹೊನ್ನಾಳಿಯಲ್ಲಿ ಹೊಳೆ ದಾಟಬೇಕು. ಜೊತೆಗೆ ಒಂದು ಹುಲಿ, ಒಂದು ಮೇಕೆ, ಒಂದು ಹೊರೆ ಹುಲ್ಲು. ತೆಪ್ಪದಲ್ಲಿ ಒಂದು ಸಲಕ್ಕೆ ಒಂದೇ ಹಿಡಿಸುತ್ತೆ. ಹುಲಿ ಜೊತೆ ಮೇಕೆ ಬಿಡೋ ಹಾಗಿಲ್ಲ, ಮೇಕೆ ಜೊತೆ ಹುಲ್ಲು ಬಿಡೋ ಹಾಗಿಲ್ಲ. ಹೇಗೆ ದಾಟ್ತಾನೆ?"

"ಹುಲಿ ಯಾಕ್ರಿ ಒಯ್ಬೇಕು?"

"ಅದು ಪಜಲ್ ಗಿರಿಜಾ. ಒಯ್ಯಲೇಬೇಕು."

"ಹುಲಿ ಸಾಕ್ದೋನಿಗೆ ಯಾರು ಹೆಣ್ಣು ಕೊಡ್ತಾರ್ರಿ? ಬಿಟ್ಟು ಬರ್ಲಿ ಅಲ್ಲೇ."

ಇನ್ನೊಂದು ಕೇಳಿದೆ. ಮೂರು ಸೇರಿನದೊಂದು ಪಾತ್ರೆ, ಐದು ಸೇರಿನದೊಂದು ಪಾತ್ರೆ; ನಾಲ್ಕು ಸೇರು ಎಣ್ಣೆ ಅಳೆಯಬೇಕು. "ಪಕ್ಕದ ಮನೆಯಾಗೆ ಒಂದು ಸೇರಿನ ಅಳತೆ ಐತಲ್ರಿ, ಇಸ್ಕಂಡು ಬರ್ತೀನಿ" ಎಂದು ಅವಳು ಎದ್ದೇಬಿಟ್ಟಳು. ನಾನು ಹಣೆ ಹಣೆ ಚಚ್ಚಿಕೊಂಡೆ. ಹೋಪ್‌ಲೆಸ್! ರಾತ್ರಿ ಗಂಡನ ಹತ್ತಿರ ದೂರಿದೆ. ಅವರು ಪೇಪರಿನ ಹಿಂದಿನಿಂದಲೇ, "ಅವಳು ಹೇಳಿದ್ದರಲ್ಲಿ ತಪ್ಪೇನೈತೆ?" ಎಂದರು. ಆ ಮನುಷ್ಯ ಜೀವಮಾನದಲ್ಲಿ ಒಂದು ಪಜಲ್ ಬಿಡಿಸಿದವರಲ್ಲ. ದಿಂಬಿಗೆ ತಲೆ ತಾಗುವ ಮೊದಲೇ ನಿದ್ದೆ. ಪಕ್ಕದಲ್ಲಿ ನಾನು, ಅಜ್ಜಿ ಇದನ್ನು ಕೇಳಿದರೆ ಹೀಗೆ, ಅದನ್ನು ಕೇಳಿದರೆ ಹಾಗೆ ಎಂದು ಹೊರಳಾಡುತ್ತಿದ್ದೆ. ಹೆಣ್ಣು ನೋಡಲು ಬರುತ್ತಿರುವುದು ನನ್ನನ್ನೇ ಎಂಬಂತೆ.

ಕಡೆಗೂ ಅವರು ಬಂದರು: ಹುಡುಗ, ಅವನ ಅಪ್ಪ, ಮತ್ತು ಆ ಅಜ್ಜಿ. ಅಜ್ಜಿ ಗಿಡ್ಡ ಮನುಷ್ಯೆ, ಹಣೆಗೆ ಅಗಲ ವಿಭೂತಿ, ಬಾಯಲ್ಲಿ ಎಲೆ. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ನಮ್ಮ ಕಡೆ ನೆಂಟರು ಬಂದರೆ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಇಲ್ಲದೆ ನಡೆಯುವುದಿಲ್ಲವಲ್ಲ. ಕರಿದ ಘಾಟು ಹೊರಗೆ ಹೋಗಿ ಗಂಡಿನವರು ಕೆಮ್ಮಬಾರದೆಂದು ಅಡುಗೆಮನೆಯ ಎರಡು ಕದದ ಬಾಗಿಲನ್ನು ಅತ್ತೆ ಎಳೆದು ಮುಚ್ಚಿದ್ದರು. ಒಳಗೆ ನಾನೊಬ್ಬಳೇ. ಕೈಯಲ್ಲಿ ತುಂಬಿದ ಟೀ ಲೋಟಗಳ ಟ್ರೇ. ಕದಗಳ ಸಂದಿಗೆ ಒಂದು ಕಣ್ಣಿಟ್ಟು ನಿಂತಿದ್ದೆ. ಸರಿಯಾದ ಉತ್ತರ ಹೊಳೆದರೆ ಸಂದಿಯಿಂದ ಸನ್ನೆ ಮಾಡುವುದೆಂದು ನಾನೂ ಗಿರಿಜೆಯೂ ಮಾತಾಡಿಕೊಂಡಿದ್ದೆವು. ಅಂದರೆ ನಾನು ಮಾತಾಡಿದ್ದೆ, ಅವಳು ತಲೆಯಾಡಿಸಿದ್ದಳು.

ಅಜ್ಜಿ ಬಾಯೊಳಗಿನ ಎಲೆಯನ್ನು ದವಡೆಗೆ ಸರಿಸಿ ಗಂಟಲು ಸರಿಮಾಡಿಕೊಂಡಿತು. "ಯವ್ವಾ ತಂಗಿ, ಒಂದು ಮಾತು ಹೇಳು. ಹಿತ್ತಲಾಗೆ ಹಾಲು ಕರಕಂಡು ಬರ್ತಿ. ಎರಡು ಕೈಯಾಗೂ ತುಂಬಿದ ಪಾತ್ರೆ. ಬಾಗ್ಲು ಹಾಕೈತೆ. ಮನ್ಯಾಗೆ ಯಾರೂ ಇಲ್ಲ. ಹೆಂಗೆ ಒಳಗೆ ಬರ್ತಿ?"

ಓ ಮೈ ಗಾಡ್, ಎಂಥ ಪಜಲ್! ನನ್ನ ತಲೆ ಓಡತೊಡಗಿತು. ಮೊಣಕೈಯಿಂದ ಚಿಲಕ ಸರಿಸಬಹುದೇ? ಬೆನ್ನು ಕೊಟ್ಟು ನೂಕಬಹುದೇ? ಕದ ಹೊರಕ್ಕೆ ತೆರೆಯುವಂಥದ್ದಾದರೆ? ಕಾಲ್ಬೆರಳಿನಿಂದ ಮೀಟಬಹುದು! ಇದೇ ಉತ್ತರ ಎನ್ನಿಸಿತು. ಗಿರಿಜೆಗೆ ಸನ್ನೆ ಮಾಡಬೇಕು. ಅದಕ್ಕೆ ಬಾಗಿಲು ಇನ್ನಷ್ಟು ತೆರೆಯಬೇಕು. ಎರಡು ಕೈಯಲ್ಲೂ ಟ್ರೇ. ಒಂಟಿ ಕಾಲಿನ ಮೇಲೆ ನಿಂತು, ಇನ್ನೊಂದು ಕಾಲಿನ ಹೆಬ್ಬೆರಳನ್ನು ಕದದ ಸಂದಿಗೆ ತೂರಿಸಿ ಎಳೆದೆ. ಹೆಬ್ಬೆರಳು ಹೋಯಿತು, ವಾಪಸ್ ಬರಲಿಲ್ಲ. ಲೋಟಗಳು ಗಲಗಲ ಎಂದವು. ಪಡಸಾಲೆಯ ಅಷ್ಟೂ ಮುಖಗಳು ಬಾಗಿಲ ಕಡೆ ತಿರುಗಿದವು. ಕದಗಳ ನಡುವೆ, ಬೆಳ್ಳಿ ಕಾಲುಂಗುರ ತೊಟ್ಟ ಒಂದು ಪಾದ ಒದ್ದಾಡುತ್ತಿತ್ತು.

ಗಿರಿಜೆ ತಲೆ ತಗ್ಗಿಸಿಯೇ ಹೇಳಿದಳು: "ಪಾತ್ರೆ ಕೆಳಗಿಡ್ತೀನಿ ಅಜ್ಜಿ. ಬಾಗ್ಲು ತೆಗೆದು, ಮತ್ತೆ ತಗಂತೀನಿ." ಆಮೇಲೆ ಸ್ವಲ್ಪ ಜೋರಾಗಿ, ಬಾಗಿಲ ಕಡೆಗೆ: "ಅತ್ತಿಗೆ, ನೀವೂ ಕೆಳಗಿಡ್ರಿ."

ಮೊದಲು ನಕ್ಕವನು ಹುಡುಗ. ಅಜ್ಜಿ ತೊಡೆ ತಟ್ಟಿಕೊಂಡಿತು. "ನೋಡ್ರಿ, ಇಷ್ಟೇ! ಜಗಳೂರಾಕಿ ಬಾಗ್ಲು ತೆಗ್ಯಾಕೆ ಓಣಿಯವರನ್ನೆಲ್ಲ ಕೂಗಿ ಕರೀತೀನಿ ಅಂದ್ಲು. ನಮ್ಮ ದೊಡ್ಡ ಸೊಸೆ ದಿನಾ ಭುಜ ಕೊಟ್ಟು ನೂಕಿ ಅರ್ಧ ಹಾಲು ನೆಲಕ್ಕೆ ಕುಡಿಸ್ತಾಳೆ. ನಮ್ಮ ಹಿತ್ತಲ ಬಾಗ್ಲು ಭಾಳ ಬಿಗಿ ಐತವ್ವ, ಅದಕ್ಕೇ ಕೇಳ್ದೆ." ಅಂದರೆ ಅದು ಪಜಲ್ಲೇ ಆಗಿರಲಿಲ್ಲ. ಅಜ್ಜಿ ತನ್ನ ಮನೆಯ ಬಾಗಿಲಿನ ವಿಷಯ ಕೇಳಿತ್ತು, ಅಷ್ಟೆ. ಆ ಸಂಜೆಯೇ ಎಲೆ ಅಡಿಕೆ ಬದಲಾಯಿಸಿದರು. ನನ್ನ ಹೆಬ್ಬೆರಳಿಗೆ ಅರಿಶಿನ ಹಚ್ಚಿದವಳು ಗಿರಿಜೆಯೇ. ಹಚ್ಚುತ್ತಾ ನಗು ತಡೆಯಲಾರದೆ ಅರಿಶಿನವನ್ನು ಇಡೀ ಪಾದಕ್ಕೆ ಬಳಿದುಬಿಟ್ಟಳು.

ಆದರೆ ನನಗೆ ನೆಮ್ಮದಿಯಾಗಲಿಲ್ಲ ನೋಡಿ. ಗಿರಿಜೆ ನ್ಯಾಮತಿ ಸೇರಿ ಮಕ್ಕಳ ತಾಯಿಯಾದಳು, ಎಂಬತ್ತರ ದಶಕ ಬಂತು, ನನ್ನ ಕೂದಲು ನೆರೆಯತೊಡಗಿತು. ಪಾತ್ರೆ ಕೆಳಗಿಡದೆ ಆ ಬಾಗಿಲು ತೆರೆಯುವ ಎಲಿಗೆಂಟ್ ಉಪಾಯವೊಂದು ಇದ್ದೇ ಇರಬೇಕು ಎಂಬ ತಹತಹ ಮಾತ್ರ ಹೋಗಲಿಲ್ಲ. ಅವಳ ಮಗಳ ಹುಟ್ಟುಹಬ್ಬಕ್ಕೆಂದು ಒಮ್ಮೆ ಹೋದಾಗ, ಬೆಳಿಗ್ಗೆ ಹಾಲಿನ ಪಾತ್ರೆ ನಾನೇ ತರುತ್ತೇನೆಂದು ಹಟ ಹಿಡಿದೆ. ಹಿತ್ತಲಿನಿಂದ ಬಂದೆ. ಬಾಗಿಲು ಹಾಕಿತ್ತು. ಅದರ ಮುಂದೆ ನಿಂತೆ, ಯೋಚಿಸಿದೆ, ಕೋನ ನೋಡಿಕೊಂಡೆ, ಉಸಿರು ಬಿಗಿಹಿಡಿದು ಸೊಂಟದಿಂದ ಜೋರಾಗಿ ಒಂದು ಗುದ್ದು ಕೊಟ್ಟೆ. ಬಾಗಿಲನ್ನು ಹಿಂದಿನ ವರ್ಷವೇ ಹೆರೆಸಿ ಸಡಿಲ ಮಾಡಿಸಿದ್ದರಂತೆ; ನನಗೆ ಹೇಳಿದವರಾರು? ನಾನೂ ಹಾಲೂ ಒಟ್ಟಿಗೇ ಒಳಗೆ ಹೋದೆವು. ಹಾಲು ನನಗಿಂತ ಸ್ವಲ್ಪ ಮುಂದೆ ತಲುಪಿತು.

ಒಳಗೆ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿ, ಹಣ್ಣಾಗಿ ಹೋಗಿದ್ದರೂ ಕಣ್ಣು ಚುರುಕು, ನನ್ನನ್ನು ಮೇಲಿಂದ ಕೆಳಗೆ ನೋಡಿತು. ಗಿರಿಜೆ ಬಟ್ಟೆ ತಂದು ನೆಲ ಒರೆಸತೊಡಗಿದಳು.

"ಅಲ್ಲವ್ವಾ ಚನ್ನಗಿರಿಯಾಕಿ," ಎಂದಿತು ಅಜ್ಜಿ, "ನಿನ್ನ ನೋಡಾಕೆ ಬಂದಾಗ ನಿನ್ನ ಗಂಡನ ಕಡೆಯೋರು ಏನು ಕೇಳಿದ್ರು?"

"ಇಂಗ್ಲಿಷ್ ಬರುತ್ತಾ ಅಂತ ಕೇಳಿದ್ರು ಅಜ್ಜಿ."

"ಅದಕ್ಕೇ ಮತ್ತೆ!" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಕೂತಿತು.

ಅಂದು ಆ ಪ್ರಶ್ನೆಗೆ ನಾನು "ಯೆಸ್" ಎಂದಿದ್ದೆ. ಕೇಳಿದ ನನ್ನವರು ಈಗಿಲ್ಲ; ಪೇಪರಿನ ಹಿಂದೆ ಕೂರುತ್ತಿದ್ದ ಅವರ ಕುರ್ಚಿ ಖಾಲಿಯಿದೆ. ಒಂದು ಗಳಿಗೆಯೂ ಯೋಚಿಸದೆ ಜೀವಮಾನದಲ್ಲಿ ನಾನು ಕೊಟ್ಟ ಉತ್ತರ ಅದೊಂದೇ. ಈಗಲೂ ಕೆಲವು ಸಂಜೆ ಕೂತು, ಅದರಲ್ಲಿ ಎಲ್ಲಾದರೂ ಟ್ರ್ಯಾಪ್ ಇತ್ತೇನೋ ಎಂದು ಹುಡುಕುತ್ತೇನೆ. ಸಿಕ್ಕಿಲ್ಲ. ಹುಡುಕುವುದನ್ನೂ ಬಿಟ್ಟಿಲ್ಲ.