ಕಂಬ ಒಳಗೋ ಹೊರಗೋ

ಎಲ್ಲಿಗೆ ನಿಲ್ಲಿಸಬೇಕು ಎನ್ನುವುದು ನನಗೆ ಯಾವತ್ತೂ ತಿಳಿದಿಲ್ಲ. ಮಗಳ ನಾಮಕರಣಕ್ಕೆ ಹತ್ತಿರದವರನ್ನಷ್ಟೇ ಕರೆಯೋಣವೆಂದು ಹೊರಟವನು, ಅಣ್ಣನನ್ನು ಕರೆದ ಮೇಲೆ ಅತ್ತಿಗೆಯ ತಮ್ಮನನ್ನು ಬಿಡುವುದು ಹೇಗೆ, ಅವನನ್ನು ಕರೆದ ಮೇಲೆ ಪಕ್ಕದ ಮನೆಯವರನ್ನು ಬಿಡುವುದು ಹೇಗೆ ಎನ್ನುತ್ತಾ ದುರ್ಗಿಗುಡಿಯ ಅರ್ಧ ಬೀದಿಯನ್ನು ಊಟಕ್ಕೆ ಕೂರಿಸಿದ್ದೆ. ಕೊನೆಯ ಪಂಕ್ತಿಗೆ ಪಾಯಸ ಸಾಲಲಿಲ್ಲ. ನನ್ನ ಹೆಂಡತಿ ಗಿರಿಜಾ ಅದನ್ನು ಇನ್ನೂ ಮರೆತಿಲ್ಲ. ಊರಿಗೆಲ್ಲ ಗುಣಮಟ್ಟದ ಸರ್ಟಿಫಿಕೇಟಿನ ಹುಚ್ಚು ಹಿಡಿದಿದ್ದ ತೊಂಬತ್ತರ ದಶಕದ ಕೊನೆಯಲ್ಲಿ, ನಮ್ಮ ಮ್ಯಾನೇಜರು ಇಂಥವನ ಕೈಗೆ ಒಂದು ಕೆಲಸ ಕೊಟ್ಟರು.

ಮಾಚೇನಹಳ್ಳಿಯಲ್ಲಿದ್ದ ನಮ್ಮ ಫೌಂಡ್ರಿಯಲ್ಲಿ ಲಾಗ್ ಪುಸ್ತಕ ಬರೆಯುವುದಕ್ಕೆ ಒಂದು ಕ್ರಮವೆಂಬುದು ಇರಲಿಲ್ಲ. ಒಬ್ಬ ಸಮಯ ಮೊದಲು ಬರೆದರೆ ಇನ್ನೊಬ್ಬ ಕುಲುಮೆಯ ಶಾಖ ಮೊದಲು ಬರೆಯುತ್ತಿದ್ದ; ಸಹಿ ಯಾರದೂ ಇಲ್ಲ. ಎಲ್ಲದಕ್ಕೂ ಒಂದೇ ನಮೂನೆ ಗೊತ್ತುಮಾಡುವ ನಿಯಮಾವಳಿಯನ್ನು ನಾನು ಬರೆಯಬೇಕು. ಸರ್ಟಿಫಿಕೇಟು ಸಿಗದಿದ್ದರೆ ಪುಣೆಯವರ ಆರ್ಡರು ಹೋಗುತ್ತದೆ, ಆರ್ಡರು ಹೋದರೆ ಎರಡನೇ ಪಾಳಿ ಮುಚ್ಚುತ್ತದೆ ಎಂದು ಮ್ಯಾನೇಜರು ಮೆಲ್ಲಗೆ ಹೇಳಿದರು. ಜೋರಾಗಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಬರೆದದ್ದಕ್ಕೆಲ್ಲ ತಾರೀಖು, ಸಹಿ ಇರಲೇಬೇಕು ಎನ್ನುವ ನಮೂನೆ ಒಂದೇ ದಿನದಲ್ಲಿ ಮುಗಿಯಿತು. ಮೊದಲ ಪುಟದ ‘ವ್ಯಾಪ್ತಿ’, ಅಂದರೆ ಈ ನಿಯಮ ಯಾವ ಯಾವ ಬರಹಕ್ಕೆ ಅನ್ವಯ ಎಂದು ಹೇಳುವ ಒಂದು ಸಾಲು, ಮೂರು ವಾರ ನನ್ನ ಊಟ ನಿದ್ದೆ ಕೆಡಿಸಿತು.

ಅದಕ್ಕೆ ಕಾರಣ ಒಂದು ಕಂಬ. ಕುಲುಮೆಯ ಬಳಿ ಕಾಗದ ಉಳಿಯುವುದಿಲ್ಲವೆಂದು, ಶಾಖವನ್ನೂ ಸಮಯವನ್ನೂ ಪಕ್ಕದ ಕಬ್ಬಿಣದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಪಾಳಿ ಮುಗಿದ ಮೇಲೆ ಪುಸ್ತಕಕ್ಕೆ ಇಳಿಸುವುದು ಅಲ್ಲಿನ ರೂಢಿ. ಎರಡನೇ ಪಾಳಿಯ ಫೋರ್‌ಮನ್ ಸೆಲ್ವಂ, ಭದ್ರಾವತಿಯವನು, ದಿನಾ ಬಂದು ನಿಲ್ಲುತ್ತಿದ್ದ. “ಸಾರ್, ಕಂಬ ಒಳಗೋ ಹೊರಗೋ ಹೇಳ್ಬಿಡಿ.” ನಿಯಮದ ಹೊರಗೆ ಎಂದರೆ, ಪುಸ್ತಕದ ಅಂಕಿ ಎಲ್ಲಿಂದ ಬಂತೆಂದು ಸರ್ಟಿಫಿಕೇಟಿಗಾಗಿ ಪರೀಕ್ಷಿಸಲು ಬರುವ ಆಡಿಟರು ಹಿಡಿಯುತ್ತಾರೆ. ಒಳಗೆ ಎಂದರೆ ಕಂಬಕ್ಕೂ ಕಾಲಂ, ಕಂಬಕ್ಕೂ ಸಹಿ. “ತಪ್ಪಾದ್ರೆ ನಿಮ್ಗೆ ಬೈಗುಳ ಸಾರ್, ನಮ್ಗೆ ಪಾಳಿನೇ ಹೋಗುತ್ತೆ. ಮಗಳನ್ನ ಈಗ್ತಾನೆ ಕಾಲೇಜಿಗೆ ಹಾಕಿದೀನಿ,” ಎಂದ. ಕಂಬ ಸೇರಿಸಿದ ಮೇಲೆ ಗೇಟಿನ ಪುಸ್ತಕ ಬಿಡುವುದು ಹೇಗೆ, ಅದನ್ನು ಸೇರಿಸಿದ ಮೇಲೆ ಸ್ಟೋರಿನ ಚೀಟಿ ಬಿಡುವುದು ಹೇಗೆ? ನಾಮಕರಣದ ದಾರಿಯಲ್ಲೇ ನಡೆದು, “ಈ ಕಾರ್ಖಾನೆಯ ಕೆಲಸಕ್ಕಾಗಿ ಬರೆಯುವ ಎಲ್ಲ ದಾಖಲೆಗಳಿಗೂ ಅನ್ವಯ” ಎಂದು ಬರೆದುಬಿಟ್ಟೆ. ಸೆಲ್ವಂ ಕಂಬಕ್ಕೆ ಕಪ್ಪು ಬಣ್ಣ ಬಳಿಸಿ, ಬಿಳಿ ಕಾಲಂ ಎಳೆಸಿದ.

ಆಡಿಟರು ಬಂದ ದಿನ ಇಡೀ ಪಾಳಿ ಕಂಬದ ಬಳಿ ಬಂದು ನಿಂತಿತ್ತು. ಅವರು ಕಂಬದ ಸುತ್ತ ಎರಡು ಸುತ್ತು ಬಂದರು. ತಾರೀಖು, ಸಮಯ, ಶಾಖ, ಸಹಿ, ಎಲ್ಲ ಸರಿಯಾಗಿತ್ತು. “ಕಂಬ ಸೇರಿಸಬೇಕು ಅಂತ ಯಾವತ್ತು ತೀರ್ಮಾನ ಮಾಡಿದ್ರಿ? ಬರೆದಿಟ್ಟಿದೀರಾ?” ಎಂದು ಕೇಳಿದರು. ನಾನು ಹೆಮ್ಮೆಯಿಂದ ಜೇಬಿನ ಪುಸ್ತಕ ತೆಗೆದು ಕೊಟ್ಟೆ. ಅದರಲ್ಲಿ ಗಿರಿಜಾ ಹೇಳಿದ್ದ ಕೊತ್ತಂಬರಿ ಸೊಪ್ಪಿಗೂ ಬೆಳ್ಳುಳ್ಳಿಗೂ ನಡುವೆ ‘ಕಂಬ ಒಳಗೆ’ ಎಂದಿತ್ತು. ತಾರೀಖಿಲ್ಲ, ಸಹಿಯಿಲ್ಲ. ಸೆಲ್ವಂ ಕಣ್ಣು ಮುಚ್ಚಿಕೊಂಡ.

“ಎಲ್ಲ ದಾಖಲೆ ಅಂದ್ರೆ ಇದೂ ಬರುತ್ತಲ್ವಾ?” ಎಂದರು ಆಡಿಟರು, ತಣ್ಣಗೆ. ಇಡೀ ಫೌಂಡ್ರಿಯಲ್ಲಿ ನಿಯಮ ಮೀರಿದ ಬರಹವೆಂದು ಅವರಿಗೆ ಸಿಕ್ಕಿದ್ದು ಅದೊಂದೇ. ಸಣ್ಣ ಲೋಪವೆಂದು ಬರೆದುಕೊಂಡು, ತಿದ್ದಿಕೊಳ್ಳಲು ಒಂದು ವಾರ ಕೊಟ್ಟರು. ಸರ್ಟಿಫಿಕೇಟು ಬಂತು, ಪಾಳಿ ಉಳಿಯಿತು. “ಕಂಬ ಪಾಸು, ಸಾರ್ ಫೇಲು,” ಎಂದು ಸೆಲ್ವಂ ಪಾಳಿಗೆಲ್ಲ ಹೇಳಿಕೊಂಡು ಬಂದ.

ಗಿರಿಜಾ ಮಾತ್ರ ಸೊಪ್ಪಿನ ಚೀಟಿಗೆ ಈಗಲೂ ತಾರೀಖು ಹಾಕಿ, ಕೆಳಗೆ ನನ್ನ ಸಹಿ ತೆಗೆದುಕೊಂಡೇ ಚೀಲ ಕೊಡುತ್ತಾಳೆ. ಮನೆಯನ್ನು ವ್ಯಾಪ್ತಿಯಿಂದ ಹೊರಗಿಡುವ ಸಾಲನ್ನು ನಾನು ಎಲ್ಲೂ ಬರೆದಿರಲಿಲ್ಲ.